ಬೇಲಿಯ ಹುಳಕ್ಕೆ ದೊಡ್ಡಪ್ಪನ ಕಾವಲು

ನಮ್ಮ ದೊಡ್ಡಪ್ಪ ನೆಂಟರ ಮುಖ ಮರೆತಾರು, ಹುಳದ ಮುಖ ಮರೆಯುವವರಲ್ಲ! ಹರಿಹರದಲ್ಲಿ ಅವರ ಮನೆಗೆ ನಂದಿಬಟ್ಟಲಿನ ಬೇಲಿ. ಪೂಜೆಗೆ ಹೂ ಬಿಡಿಸಲು ಬರುವ ನೆರೆಯವರಿಗೆಲ್ಲ, "ಹೂ ಎಷ್ಟಾದ್ರೂ ಬಿಡಿಸ್ರಿ, ಎಲೆ ಮುಟ್ಟಬ್ಯಾಡ್ರಿ. ಊಟ ನಡೆದೈತೆ" ಎಂದು ತಾಕೀತು. ಯಾರ ಊಟ? ಬೆರಳುದ್ದದ ಹಸಿರು ಹುಳದ್ದು! ತಲೆಯ ಹಿಂದೆ ನೀಲಿ ಕಣ್ಣಿನಂಥ ಎರಡು ಗುರುತು, ಹಿಂದುಗಡೆ ಪುಟ್ಟ ಕೊಂಬು. ದೊಡ್ಡಮ್ಮನಂತೂ ಅದನ್ನು ಕಂಡರೆ ಮಾರು ದೂರ ಹಾರುತ್ತಾರೆ.

ಇದು ಯಾವ ಪತಂಗವಾಗುತ್ತದೆಂದು ಕಣ್ಣಾರೆ ನೋಡಿಯೇ ಹೇಳಬೇಕೆಂಬುದು ದೊಡ್ಡಪ್ಪನ ಹಟ. ಆ ಕಣ್ಣಿಗೋ ಪೊರೆ! ಆಪರೇಷನ್ ಅಂದರೆ, "ಮೊದ್ಲು ಅದು ಹೊರಗ ಬರ್ಲಿ" ಎನ್ನುತ್ತಿದ್ದರು.

ಒಂದು ಬೆಳಗ್ಗೆ ಹಸಿರು ಹುಳ ಮಾಯ! ದೊಡ್ಡಪ್ಪನ ಅನುಮಾನದ ನೋಟಕ್ಕೆ, ಹೂ ಬಿಡಿಸುತ್ತಿದ್ದ ಪಕ್ಕದ ಮನೆಯಾಕೆ, "ಬೇಕಾದ್ರ ನನ್ನ ಬುಟ್ಟಿ ಹುಡುಕಿ ನೋಡ್ರಿ" ಎಂದು ರೇಗಿದರು. ದೊಡ್ಡಪ್ಪ ಹುಡುಕಿಯೇಬಿಟ್ಟರು! ಅಷ್ಟರಲ್ಲಿ ಬೇಲಿಯ ಬುಡದಲ್ಲಿ ಕಂದು ಬಣ್ಣದ ಹುಳವೊಂದು ತೆವಳುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಅದೇ ಕಣ್ಣಿನ ಗುರುತು, ಈಗ ಕಪ್ಪಾಗಿದೆ ಅಷ್ಟೇ. "ಇದೇ ಅದು! ಕೋಶ ಆಗೋ ಮೊದ್ಲು ಬಣ್ಣ ಬದ್ಲಿಸೈತೆ!" ಮಂಡಕ್ಕಿ ಡಬ್ಬಿ ಖಾಲಿ ಮಾಡಿ, ಒಣಗಿದ ಎಲೆ ಹಾಸಿ ಅದಕ್ಕೆ ಮನೆ ಮಾಡಿಕೊಟ್ಟರು. ಡಬ್ಬಿಯ ಮಂಡಕ್ಕಿ ತಪ್ಪುಕಾಣಿಕೆಯಾಗಿ ಪಕ್ಕದ ಮನೆ ಸೇರಿತು.

ಹುಳ ಕೋಶವಾಯಿತು. ದೊಡ್ಡಮ್ಮ ಇನ್ನು ಬಿಡಲಿಲ್ಲ. "ಡಾಕ್ಟ್ರು ದಿನ ಕೊಟ್ಟಾರ, ನಿಮ್ಮ ಹುಳ ಕೊಟ್ಟಿಲ್ಲ. ಏಳ್ರಿ!" ದೊಡ್ಡಪ್ಪ ಡಬ್ಬಿ ತೊಡೆಯ ಮೇಲಿಟ್ಟುಕೊಂಡೇ ದಾವಣಗೆರೆ ಬಸ್ಸು ಹತ್ತಿದರು. "ಡಬ್ಬ್ಯಾಗ ಏನೈತ್ರಿ?" ಅಂದ ಕಂಡಕ್ಟರಿಗೆ, "ಮಲಗೈತ್ರಿ, ಎಬ್ಬಿಸಬ್ಯಾಡ್ರಿ!" ಎಂದರಂತೆ. ಆಮೇಲೆ ಆತ ಆ ಸೀಟಿನ ಕಡೆ ಸುಳಿಯಲಿಲ್ಲ.

ಆಪರೇಷನ್ ಮುಗಿಸಿಕೊಂಡು ಅಲ್ಲೇ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಬಂದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಅವತ್ತೇ ಸಂಜೆ ಡಬ್ಬಿಯೊಳಗೆ ಸರಬರ ಸದ್ದಾಗಬೇಕೆ!

ಮುಚ್ಚಳ ತೆಗೆದವರು ದೊಡ್ಡಮ್ಮ. ನಾನು ಬೆರಗಾದೆ. ಪತಂಗ ಅವರ ಬೆರಳು ಹತ್ತಿ ಜೋತುಬಿತ್ತು. ಅವರು ಅಲುಗಾಡಲಿಲ್ಲ.

"ಅಯ್ಯೋ, ರೆಕ್ಕಿ ಮುದುರ್ಯಾವಲ್ರೀ!"

"ತಡಿ, ಬಿಚ್ಕೊಂತಾವ. ನೋಡ್ತಾ ಹೇಳು."

"ಬಿಚ್ಚಿದ್ವು... ಹಸಿರು. ನಡುನಡುವೆ ಬಿಳಿ ಗೆರಿ, ಗುಲಾಬಿ ಪಟ್ಟಿ. ಮಿಲಿಟ್ರಿಯವ್ರ ಅಂಗಿ ಇದ್ದಂಗೈತ್ರಿ."

"ಕಣಗಿಲೆ ಪತಂಗ!" ಎಂದು ಕೂಗಿದರು ದೊಡ್ಡಪ್ಪ.

"ಡಬ್ಬ್ಯಾಗ ಇಡ್ಲೇನ್ರೀ? ನಾಳೆ ಪಟ್ಟಿ ಬಿಚ್ತಾರ, ನೀವೇ ನೋಡ್ರಂತ."

ದೊಡ್ಡಪ್ಪ ಖಾಲಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಬ್ಯಾಡ. ಬಡಕೊಂಡು ರೆಕ್ಕಿ ಹರಕೊಂತೈತೆ. ನೀ ನೋಡಿದ್ಯಲ್ಲ, ಸಾಕು."

ದೊಡ್ಡಮ್ಮ ಬಾಗಿಲಾಚೆ ಕೈ ಚಾಚಿ ನಿಂತರು. ಕತ್ತಲಾಗುವಾಗ ಅದು ಹಾರಿ ಕಣ್ಮರೆಯಾಯಿತು.

"ಹೋತೇನು?" ಎಂದರು ದೊಡ್ಡಪ್ಪ ಒಳಗಿನಿಂದ.

ದೊಡ್ಡಮ್ಮ ಖಾಲಿ ಬೆರಳನ್ನು ಹಾಗೇ ಹಿಡಿದುಕೊಂಡಿದ್ದರು.

"ಇಲ್ರೀ, ಇನ್ನೂ ಕಾಣ್ತೈತೆ" ಎಂದರು.