ಏಳಲೊಲ್ಲದ ಕಂಬ

ಹಲಗೆ ಮುರಿಯುವ ಮುಂಚೆ ಅಂದಾನಪ್ಪನ ಕಾಲಷ್ಟೇ ನೀರಿನಲ್ಲಿದ್ದವು. ಮುರಿದ ಮೇಲೆ ರುಮಾಲು ಕೂಡ ನೀರಿನಲ್ಲಿತ್ತು. ನಡುವಿನ ಅಂದಾನಪ್ಪ ಎಲ್ಲಿದ್ದನೆಂದು ಬೇರೆ ಹೇಳಬೇಕಿಲ್ಲ.

ಗಜೇಂದ್ರಗಡದ ಪೇಟೆಯಲ್ಲಿ ಅವನದು ಸೀರೆ ಅಂಗಡಿ. ಬೆಳಗಿನಿಂದ ದೀಪ ಹಚ್ಚುವ ತನಕ ಬಿಚ್ಚುವುದು, ಮಡಚುವುದು. "ಇದರಾಗ ಬ್ಯಾರೆ ಅಂಚು ತೋರಸ್ರಿ" ಎಂದವರಿಗೆ ಬೇರೆ ಅಂಚು, "ಅಂಚು ಇದಽ ಇರಲಿ, ಬಣ್ಣ ಬ್ಯಾರೆ" ಎಂದವರಿಗೆ ಬೇರೆ ಬಣ್ಣ. ಕೊನೆಗೆ "ಮನ್ಯಾಗ ಕೇಳ್ಕೊಂಡು ಬರ್ತೀವ್ರಿ" ಎಂದು ಅವರು ಎದ್ದು ಹೋದರೆ, ಸೀರೆಗಳ ರಾಶಿಯ ನಡುವೆ ಅಂದಾನಪ್ಪ ಹತ್ತಿಯೊಳಗಿನ ಬೀಜದಂತೆ ಕೂತಿರುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ. ಯಾರೂ ಏನೂ ಕೇಳದ ಕಡೆ ಸಂಜೆಗೊಮ್ಮೆ ಕೂತು ಕಾಲನ್ನು ತಣ್ಣೀರಿಗೆ ಇಳಿಬಿಡಬೇಕು.

ಸೋದರಮಾವ ತೀರಿಕೊಂಡ ಮೇಲೆ ರಾಜೂರಿನ ಕೆರೆದಂಡೆಯ ಮನೆ ಅವನ ಪಾಲಿಗೆ ಬಂತು. ಕೆರೆಯ ಏರಿಗೆ ಹೆಗಲು ಕೊಟ್ಟು ನಿಂತ ಮನೆ. ಹಿತ್ತಲ ಬಾಗಿಲು ತೆರೆದರೆ ನೀರೇ ನೀರು. ಬಾಗಿಲಿಂದ ನೀರಿನ ಮೇಲಕ್ಕೆ ಚಾಚಿಕೊಂಡ ಮರದ ಅಟ್ಟಣಿಗೆಯೊಂದು, ಕೆಳಗೆ ನಾಲ್ಕು ಕಂಬ. ಯಾರು ಹಾಕಿಸಿದರೋ, ಯಾತಕ್ಕೆ ಹಾಕಿಸಿದರೋ, ಅಲ್ಲೇ ಬಾಳಿ ಬದುಕಿದ ಮಾವನಿಗೂ ಗೊತ್ತಿರಲಿಲ್ಲ. ಅಂದಾನಪ್ಪ ಮೊದಲ ಸಲ ಅದರ ಮೇಲೆ ಕೂತಾಗ ಗಜೇಂದ್ರಗಡದ ಗುಡ್ಡ ನೀರಿನೊಳಗೆ ತಲೆಕೆಳಗಾಗಿ ನಿಂತಿತ್ತು. ಮುಗಿಲು ಅವನ ಹಿಮ್ಮಡಿಯ ಕೆಳಗಿತ್ತು. ಕೆಮ್ಮಿದರೆ ಎಲ್ಲಿ ಒಡೆದುಹೋದೀತೋ ಎಂದು ಅವನು ಕೆಮ್ಮನ್ನೂ ನುಂಗಿಕೊಂಡಿದ್ದ.

ನಾಡು ಒಂದಾದ ಮರುವರ್ಷ ಮನೆಯ ದುರಸ್ತಿ ಹಿಡಿಸಿದ. ಮಾಳಿಗೆಗೆ ಹೊಸ ಮಣ್ಣು ಬಿತ್ತು, ಗೋಡೆಗೆ ಸುಣ್ಣವಾಯಿತು. ಉಳಿದದ್ದು ಅಟ್ಟಣಿಗೆ. ಬಡಿಗೇರ ದೇವಪ್ಪ ಹೊಸ ಹಲಗೆ, ಹೊಸ ಕಂಬಗಳನ್ನು ಹಿತ್ತಲಿಗೆ ತಂದು ಒಟ್ಟಿದ ಆ ಬೆಳಿಗ್ಗೆ, ಹಳೆಯದರ ಮೇಲೆ ಕೊನೆಯ ಸಲ ಕೂತೇನೆಂದು ಹೋಗಿಯೇ ಅಂದಾನಪ್ಪ ನೀರು ಕಂಡದ್ದು.

ದೇವಪ್ಪ ಅವನ ರಟ್ಟೆ ಹಿಡಿದು ಮೇಲೆಳೆದ. "ಸಾವಕಾರ್ರ, ಇದನ್ನ ಕೆಡವಾಕ ನಾ ಬಂದೇನಲ್ರಿ. ನೀವ್ಯಾಕ ತ್ರಾಸ ತಗೊಂಡ್ರಿ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಳಕವ್ವ ಒಣ ಧೋತರ ಎಸೆದಳು. "ಮಂದಿ ತಲಿಗೆ ಸೂರು ಕಟ್ಟಿಸ್ತಾರ. ಇವರು ಕಾಲಿಗೆ ಅರಮನಿ ಕಟ್ಟಸಾಕ ಹೊಂಟಾರ."

"ಹಲಗಿ ಅಷ್ಟಽ ಬದಲ ಮಾಡಿದ್ರ ಸಾಕ್ರಿ," ಎಂದ ದೇವಪ್ಪ. "ಕಂಬ ಇನ್ನೂ ಗಟ್ಟಿ ಅದಾವು."

ಒದ್ದೆಯಾದ ಮನುಷ್ಯನಿಗೆ ಬುದ್ಧಿ ಹೇಳಬಾರದು. ಅಂದಾನಪ್ಪ ಮೂಗಿನಿಂದ ನೀರು ಸೀನಿ, "ಒಂದೂ ಇಡಬ್ಯಾಡ. ಎಲ್ಲಾ ಕಿತ್ತ ಒಗಿ," ಎಂದ.

ಮೂರು ಕಂಬ ಹಾರೆ ತಾಗಿಸಿದ ಕೂಡಲೆ ಹಾಲುಹಲ್ಲಿನಂತೆ ಕಿತ್ತು ಬಂದವು. ನಾಲ್ಕನೆಯದು ಮಾತ್ರ ಅಲ್ಲಾಡಲಿಲ್ಲ. ದೇವಪ್ಪ ಹಗ್ಗ ಹಾಕಿ ಜಗ್ಗಿದ, ಅವನ ಆಳುಗಳು ಜಗ್ಗಿದರು, ಅಂದಾನಪ್ಪನೂ ಕಚ್ಚೆ ಬಿಗಿದು ಜಗ್ಗಿದ. ಕಂಬ ಸಾಲ ಕೇಳಿಸಿಕೊಂಡ ಸಂಬಂಧಿಕನಂತೆ ಸುಮ್ಮನೆ ನಿಂತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಪ್ರಭುಲಿಂಗಪ್ಪ ಬಂದ. ಏರಿಯ ಕೆಳಗೆ ಅವನದು ಎರೆಹೊಲ, ಬಂಗಾರದಂಥದ್ದು. ಯಾವ ಕೆಲಸಕ್ಕೂ ಕೈ ಹಚ್ಚದೆ ಎಲ್ಲ ಕೆಲಸಕ್ಕೂ ಬಾಯಿ ಹಚ್ಚುವ ಮನುಷ್ಯ.

"ಹಿಂಗ ಜಗ್ಗಿದ್ರ ಬರತೈತೇನ್ರಿ? ನನ್ನ ಎತ್ತು ತರಸ್ತೀನಿ. ಅವು ಎಳೀಲಾರದ್ದು ಈ ಭೂಮಿ ಮ್ಯಾಲೆ ಇನ್ನೂ ಹುಟ್ಟಿಲ್ಲ."

ಎತ್ತುಗಳು ಬಂದವು. ನೊಗಕ್ಕೂ ಕಂಬಕ್ಕೂ ಹಗ್ಗ ಬಿಗಿದರು. ಎತ್ತುಗಳು ಮೊಣಕಾಲೂರಿ ಎಳೆದವು, ಹಗ್ಗ ತಂಬೂರಿ ತಂತಿಯಂತೆ ಗುಂಯ್ ಎಂದಿತು, ಆಮೇಲೆ ಪಟ್ಟನೆ ಹರಿಯಿತು. ಎತ್ತುಗಳು ಹೋಗಿ ಹೊಸ ಸುಣ್ಣದ ಗೋಡೆಗೆ ಮೈ ಕೊಟ್ಟವು. ಗೋಡೆಯ ಮೇಲೆ ಎರಡು ಎತ್ತಿನ ಅಚ್ಚು ಮೂಡಿತು, ಎತ್ತುಗಳು ಬಿಳಿಯಾದವು.

"ಚಿತ್ರ ಭಾಳ ಚಲೋ ಬಂದೈತಿ," ಎಂದಳು ಕಳಕವ್ವ.

ಸುದ್ದಿಗೆ ಕಾಲು ಬಂದು ಊರೊಳಗೆ ಓಡಾಡಿತು. ಗರಡಿಮನೆಯ ಉಸ್ತಾದ ಹುಚ್ಚಪ್ಪ ತನ್ನ ಪೈಲವಾನರನ್ನು ಕಟ್ಟಿಕೊಂಡು ಬಂದ. ಅವರ ಹಿಂದೆ ಹಲಗೆ ಬಾರಿಸುವವರು, ಅವರ ಹಿಂದೆ ಏರಿಯ ತುಂಬ ಜನ. ಹುಚ್ಚಪ್ಪ ಕಂಬದ ಸುತ್ತ ಎರಡು ಸಲ ಈಜಿ, ಎದುರಾಳಿಯನ್ನು ನೋಡುವಂತೆ ಅದನ್ನು ನೋಡಿದ.

"ಇದು ಜಗ್ಗಿದ್ರ ಬರೂದಲ್ಲ. ಕುಸ್ತಿಯೊಳಗ ಜಗ್ಗಲಾರದವನ್ನ ತಿರುವಿ ಕೆಡವಬೇಕು. ತಿರುವ್ರಿ."

ಪೈಲವಾನರು ಕಂಬಕ್ಕೆ ಅಡ್ಡ ಹಾರೆ ಕಟ್ಟಿ ಗಾಣದೆತ್ತಿನಂತೆ ನೀರಿನಲ್ಲೇ ಸುತ್ತು ಹೊಡೆದರು. ಹಲಗೆಯ ಪೆಟ್ಟು ಏರಿತು. ಕಂಬ ಒಮ್ಮೆ ನರಳಿತು. ಆಮೇಲೆ ಬೆಣ್ಣೆ ಹಚ್ಚಿದಂತೆ ನುಣ್ಣಗೆ ತಿರುಗಿ ಮೇಲೆದ್ದಿತು. ಕೆರೆಯ ತಳದಿಂದ ಗುಳುಕ್ ಎಂದು ಒಂದು ದನಿ ಬಂತು, ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಮಗ್ಗುಲಾದ ಹಾಗೆ. ಹಲಗೆಯವರ ಕೈ ತಾವಾಗಿ ನಿಂತವು.

ಕಂಬವನ್ನು ದಂಡೆಗೆ ತಂದರು. ಎರಡಾಳುದ್ದದ ಮರ. ಅದರ ಬುಡಕ್ಕೆ ಕೊಡದಷ್ಟು ದಪ್ಪನಾದ ದುಂಡು ತಲೆ, ಕಾಡಿಗೆಗಿಂತ ಕಪ್ಪು, ಕನ್ನಡಿಗಿಂತ ನುಣುಪು. ಎಷ್ಟು ಕಾಲ ನೀರು ಕುಡಿದಿತ್ತೋ, ಎಲ್ಲೂ ಒಂದು ಬಿರುಕಿಲ್ಲ. ಬುಡ ಮೇಲೆ ಮಾಡಿ ನಿಲ್ಲಿಸಿದಾಗ ಅದರ ಮೈಮೇಲೆ ಬಿಸಿಲು ಜಾರಿತು.

ಪ್ರಭುಲಿಂಗಪ್ಪ ಮೆಲ್ಲಗೆ ಕಾಲಿನ ಚಪ್ಪಲಿ ಬಿಟ್ಟ. "ಸಾವಕಾರ್ರ, ಕೈ ಮುಗೀರಿ. ಇದು ಕಂಬ ಅಲ್ಲ."

"ಮತ್ತೇನ್ರಿ?"

"ಲಿಂಗ. ಕೆರ್ಯಾಗಿನ ಗಂಗವ್ವ ತನ್ನ ಉಡ್ಯಾಗ ಇಟ್ಕೊಂಡಿದ್ಲು. ಇವತ್ತ ನಮಗ ಕೊಟ್ಲು."

ಅಂದಾನಪ್ಪ ತನ್ನ ಕಾಲಿನತ್ತ ನೋಡಿಕೊಂಡ. ಇಷ್ಟು ದಿನ ಅವು ಜೋತುಬಿದ್ದದ್ದು ಎಲ್ಲಿ ಎಂದು ನೆನೆದ. ಎಲ್ಲರಿಗಿಂತ ಮೊದಲು ಅಡ್ಡಬಿದ್ದವನು ಅವನೇ.

ಕಾಯಿ ಒಡೆಯಿತು, ವಿಭೂತಿ ಬಂತು, ಹೂವು ಬಂತು. ಪೈಲವಾನರು ದೇವರನ್ನು ಹೆಗಲಿಗೇರಿಸಿದರು. ಮನೆಯವನೆಂಬ ಮರ್ಯಾದೆಗೆ ಅಂದಾನಪ್ಪನಿಗೆ ತಲೆಯ ಕಡೆ ಹೆಗಲು ಕೊಡಿಸಿದರು. ಭಾರವೆಲ್ಲ ಆ ಕಡೆಗೇ ಇತ್ತು. ಮೆರವಣಿಗೆ ಓಣಿ ಓಣಿ ತಿರುಗಿ ಪಂಚರ ಕಟ್ಟೆಗೆ ಮುಟ್ಟುವಷ್ಟರಲ್ಲಿ ಅವನ ಒಂದು ಹೆಗಲು ಇನ್ನೊಂದಕ್ಕಿಂತ ನಾಲ್ಕು ಬೆರಳು ಕೆಳಗಾಗಿತ್ತು.

ದೇವರನ್ನು ಕಟ್ಟೆಯ ಮೇಲೆ ಕೂಡಿಸಿ ಆರತಿ ಎತ್ತುವಾಗ ಕಳಕವ್ವ ಬಂದಳು. ಕಂಕುಳಲ್ಲಿ ಖಾಲಿ ಕೊಡ.

"ಮೆರವಣಿಗಿ ಮುಗದಿದ್ರ ಮನಿಗೆ ಬರ್ರಿ. ಕೆರಿ ಹೊಂಟೈತಿ."

"ಎಲ್ಲಿಗೆ?"

"ಅದು ಹೇಳಿ ಹೋಗಲಿಲ್ಲ."

ಎಲ್ಲರೂ ಓಡಿದರು. ಅಂದಾನಪ್ಪ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ. ಕಂಬವಿದ್ದ ಜಾಗದಲ್ಲಿ ನೀರು ಬೀಸುಕಲ್ಲಿನಂತೆ ತಿರುಗುತ್ತಿತ್ತು. ಸುಳಿಯ ನಟ್ಟನಡುವೆ ಒಂದು ಕರಿಯ ಬಾಯಿ. ಗುಡ್ಡದ ನೆರಳು, ಮುಗಿಲು, ತೇಲುವ ತರಗೆಲೆ, ಎಲ್ಲವೂ ಆ ಬಾಯಿಯ ಸುತ್ತ ತಿರುಗಿ ತಿರುಗಿ ಒಳಗೆ ಹೋಗುತ್ತಿದ್ದವು. ನೀರು ಆಗಲೇ ಮೊಳದಷ್ಟು ಇಳಿದಿತ್ತು. ಇಳಿದಲ್ಲಿ ಒಂದು ಕಲ್ಲಿನ ನೆತ್ತಿ ಮೂಡಿತ್ತು, ಅದರ ಮೇಲೆ ಕೆತ್ತಿದ ಮೀನುಗಳ ಸಾಲು. ಇಷ್ಟು ತಲೆಮಾರು ಈ ನೀರು ಕುಡಿದ ಊರಿಗೆ ಆ ಮೀನುಗಳ ಸುದ್ದಿಯೇ ಗೊತ್ತಿರಲಿಲ್ಲ.

ದೇವಪ್ಪ ಮೆಲ್ಲಗೆ ಹೇಳಿದ, "ತೂಬು ಐತ್ರಿ ಇದು. ಕೆರಿ ನೀರು ಏರಿ ಕೆಳಗ ಬಿಡಾಕ ಹಿರಿಯಾರು ಮಾಡಿದ್ದು. ನಾವು ಕಿತ್ತಿದ್ದು ಅದರ ಬೆಣಿ."

ಅಂದಾನಪ್ಪ ಸುಳಿಯತ್ತ ಬಾಗಿ ನೋಡಿದ. ಕತ್ತಲೆಯ ನೀರಿನೊಳಗಿನ ಕಲ್ಲಿನ ತೂತಿಗೆ ಒಂದು ಹನಿ ಸೋರದಂತೆ ಮರ ಕೆತ್ತಿ ಕೂಡಿಸಿದ ಆ ಕೈಗಳು ಎಂಥವಿರಬೇಕು. ಹೆಸರೂ ಬರೆಯದೆ ಹೋದರಲ್ಲ. ಕೈ ತಾನಾಗಿ ಮುಗಿಯಿತು. ಆಮೇಲೆ, ಈ ಲೆಕ್ಕದಲ್ಲಿ ಇಳಿದರೆ ನಾಳೆಗೆ ತನ್ನ ಹೊಸ ಅಟ್ಟಣಿಗೆ ರಾಡಿಯ ಮೇಲೆ ನಿಲ್ಲುತ್ತದೆಂದು ಹೊಳೆದು, ಮುಗಿದ ಕೈ ತಲೆಯ ಮೇಲೆ ಹೋಯಿತು.

"ಪ್ರಭುಲಿಂಗಪ್ಪನವರ, ಅದನ್ನ ತಂದು ಲಗೂನ ತುರುಕೋಣ ನಡೀರಿ."

"ಯಾವುದನ್ನ?"

"ಬೆಣೀನ."

"ಪೂಜಿ ಆದ ದೇವರನ್ನ ತೂತಿಗೆ ತುರುಕತೀರಾ? ಸೀರಿ ಮಾರಿ ಮಾರಿ ಬುದ್ಧಿನೂ ಮಡಚಿ ಇಟ್ಟೀರೇನು?"

ಜನ ಹೌದು ಹೌದು ಎಂದರು. ಅಂದಾನಪ್ಪ ಹುಚ್ಚಪ್ಪನ ಮುಖ ನೋಡಿದ. ಉಸ್ತಾದ ಮುಗಿಲು ನೋಡಿದ. ದೇವರ ಕೂಡ ಕುಸ್ತಿ ಹಿಡಿಯಲು ಯಾವ ಪೈಲವಾನನೂ ಮುಂದೆ ಬರಲಿಲ್ಲ. ನೀರು ಇನ್ನೊಂದು ಸಾಲು ಮೀನು ತೋರಿಸಿತು.

ಆಗ ಏರಿಯ ಆ ಕಡೆಯಿಂದ ಒಬ್ಬ ಕೂಗಿದ, "ಪ್ರಭುಲಿಂಗಪ್ಪನವರ, ನಿಮ್ಮ ಹತ್ತಿ ಹೊಲ ಎಲ್ಲೈತಿ ಅಂತ ಕಾಣವಲ್ದರಿ. ಬರೇ ನೀರ ಐತಿ."

ಪ್ರಭುಲಿಂಗಪ್ಪ ಏರಿ ಹತ್ತಿ ಕೆಳಗೆ ನೋಡಿದ. ಹೊಲ ಒಂದು ಕಡೆ, ಆಡಿದ ಮಾತು ಒಂದು ಕಡೆ. ಎರಡರ ನಡುವೆ ಅವನು ಬಾಗಿಲ ಸಂದಿಯ ಬೆರಳಿನಂತೆ ಸಿಕ್ಕಿಕೊಂಡ. ಕೊನೆಗೆ ಊರಿಗೆಲ್ಲ ಹಿರಿಯಳಾದ ಯಂಕವ್ವನ ಕಡೆ ತಿರುಗಿದ. "ಯವ್ವಾ, ನೀನಽ ಒಂದ ಮಾತ ಹೇಳಬೇ."

ಯಂಕವ್ವ ಬಾಯೊಳಗಿನ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು. "ಅಲ್ಲೋ ಯಪ್ಪಾ, ಗಂಗವ್ವನ ಗಂಡ ಗಂಗವ್ವನ ಮನ್ಯಾಗ ಇರಬೇಕೋ, ನಿಮ್ಮ ಕಟ್ಟಿ ಮ್ಯಾಲೆ ಬಿಸಲಾಗ ಕುಂದ್ರಬೇಕೋ? ಗಂಡನ್ನ ಹೊತ್ಕೊಂಡು ಬಂದೀರಿ, ಆಕಿ ಹುಡಿಕ್ಕೊಂಡು ಹೊಂಟಾಳ. ಎಲ್ಲಿಂದ ತಂದ್ರೋ ಅಲ್ಲೇ ಬಿಟ್ಟು ಬರ್ರಿ."

ಹೋದದ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಮೆರವಣಿಗೆ ತಿರುಗಿ ಬಂತು. ಮುಂದೆ ಪ್ರಭುಲಿಂಗಪ್ಪ, ಹುಟ್ಟಿದ ಮೇಲೆ ಮೊದಲ ಸಲ ಯಾವುದಕ್ಕೋ ಹೆಗಲು ಕೊಟ್ಟಿದ್ದ.

ಪೈಲವಾನರು ಈಜಿ ಹೋಗಿ ಕಂಬವನ್ನು ಸುಳಿಯ ಮೇಲೆ ನೆಟ್ಟಗೆ ಹಿಡಿದರು. ತಳ್ಳುವ ಕೆಲಸವೇ ಬೀಳಲಿಲ್ಲ. ಕೆರೆ ತಾನೇ ಅದನ್ನು ಅವರ ಕೈಯಿಂದ ಸೆಳೆದುಕೊಂಡಿತು. ಗಪ್ಪನೆ ಒಂದು ಸದ್ದು. ಏರಿ ಅದುರಿತು, ಜನರ ಅಂಗಾಲಿಗೆ ಅದು ತಿಳಿಯಿತು. ಸುಳಿ ಬಿಚ್ಚಿಕೊಂಡು ಹಗುರಾಗಿ ಅಳಿಸಿಹೋಯಿತು. ಸ್ವಲ್ಪ ಹೊತ್ತಿಗೆ ಗುಡ್ಡ ಮತ್ತೆ ನೀರಿನೊಳಗೆ ಬಂದು ನಿಂತಿತು.

ದೇವರು ಕೂತಲ್ಲಿ ಅಟ್ಟಣಿಗೆ ಅರ್ಧಕ್ಕೆ ಬಿಡಬಾರದೆಂದು ಊರೇ ಕೈ ಹಾಕಿತು. ಮೂರು ಹೊಸ ಕಂಬ, ನಾಲ್ಕನೆಯದು ಅದೇ. ದೇವಪ್ಪ ಕೊನೆಯ ಮೊಳೆ ಹೊಡೆದಾಗ ಹೊತ್ತು ಗುಡ್ಡದ ಅಂಚಿಗಿತ್ತು. ಹೊಸ ಹಲಗೆಯ ವಾಸನೆ, ಕೆಂಪು ನೀರು, ತಂಗಾಳಿ. ಬೆಳಗಿನಿಂದ ಬಿದ್ದದ್ದು, ಹೊತ್ತದ್ದು, ಬೈಸಿಕೊಂಡದ್ದು ಎಲ್ಲ ಅಂದಾನಪ್ಪನಿಗೆ ಮರೆತೇ ಹೋಯಿತು. ಅವನು ತುದಿಗೆ ಹೋಗಿ ಕೂತ. ಧೋತರ ಮೊಣಕಾಲಿಗೆ ಎತ್ತಿದ. ಹೆಬ್ಬೆರಳು ನೀರಿಗೆ ಇನ್ನೇನು ತಾಗಬೇಕು.

"ಸಾವಕಾರ್ರ, ಕಾಲು," ಎಂದ ಹಿಂದಿನಿಂದ ಪ್ರಭುಲಿಂಗಪ್ಪ.

"ಏನಾತ್ರಿ ಕಾಲಿಗೆ?"

"ಕೆಳಗ ಯಾರದಾರ ಗೊತ್ತೈತಲ್ಲ? ದೇವರ ನೆತ್ತಿ ಮ್ಯಾಲೆ ಇಳಿಬಿಡಾಕ ಹತ್ತೀರಲ್ಲ."

ಅಂದಾನಪ್ಪ ಕಾಲು ಮೇಲೆಳೆದುಕೊಂಡ. ತಿರುಗಿ ನೋಡಿದರೆ ಹಿತ್ತಲ ಬಾಗಿಲಿಂದ ತಲೆಬಾಗಿಲ ತನಕ, ಅಡಿಗೆಮನೆಯ ಪಕ್ಕದಿಂದ ಹಾದು, ಹೆಂಗಸರ ಸಾಲು. ಕೈಯಲ್ಲಿ ಹೂವು, ಊದಿನಕಡ್ಡಿ. ದೇವರ ಹತ್ತಿರ ಹೋಗಲು ಬೇರೆ ದಾರಿಯಿರಲಿಲ್ಲ. ಸಾಲಿನಲ್ಲಿ ಅವನ ಅಂಗಡಿಯ ಗಿರಾಕಿಗಳೇ ಇದ್ದರು. ಒಬ್ಬಳು ಹೋಗುತ್ತ ಹೋಗುತ್ತ ಕೇಳಿದಳು, "ದಿನಾ ಎಷ್ಟೊತ್ತಿಗೆ ಬಾಗಲಾ ತಗೀತೀರಿ, ಸಾವಕಾರ್ರ?"

ಅವನು ಪಡಸಾಲೆಗೆ ಬಂದು ಕೂತ. ಕಳಕವ್ವ ಗಂಡನ ಮುಖ ನೋಡಿದಳು. ಅಂಗಳದ ಬಾವಿಯಿಂದ ತಣ್ಣೀರು ಸೇದಿ, ದೊಡ್ಡ ಹಿತ್ತಾಳೆ ಪರಾತದ ತುಂಬ ಸುರಿದು ಅವನ ಮುಂದೆ ತಂದಿಟ್ಟಳು.

"ಹೋಗಲಿ ಬಿಡ್ರಿ. ಇಲ್ಲೇ ಇಳಿಬಿಡ್ರಿ."

ಅಂದಾನಪ್ಪನ ಕಣ್ಣು ತುಂಬಿ ಬಂತು. ಪರಾತದ ನೀರಿನಲ್ಲಿ ತೊಲೆಯ ನೆರಳು ಅಲುಗಾಡುತ್ತಿತ್ತು. ಅದು ನಿಲ್ಲಲೆಂದು ಒಂದು ಗಳಿಗೆ ಕಾದ. ನಿಂತಿತು. ಎರಡೂ ಕಾಲು ಎತ್ತಿದ.

ಸಾಲಿನಿಂದ ಯಂಕವ್ವ ಹೊರಬಂದು ಪರಾತ ಎತ್ತಿ ನಡುವಿಗೆ ಇಟ್ಟುಕೊಂಡಳು. "ಎಮ್ಮಿ ಇಳಿಯೋ ಕೆರಿ ನೀರು ದೇವರ ಮ್ಯಾಲೆ ಹ್ಯಾಂಗ ಹಾಕೂದು ಅಂತ ನಾನೂ ಚಿಂತಿ ಮಾಡಾಕತ್ತಿದ್ನಿ. ನೀ ಬಾವಿ ನೀರು ತಯಾರಿಟ್ಕೊಂಡು ಕುಂತೀಯಲ್ಲೋ ತಮ್ಮಾ. ನಿನ್ನಂಥ ಭಕ್ತನ್ನ ನೋಡಿಲ್ಲ. ನಾಳಿಯಿಂದ ಎರಡ ಪರಾತ ಇಡು."

ಸಾಲಿನವರೆಲ್ಲ ಅಂದಾನಪ್ಪನಿಗೆ ಕೈ ಮುಗಿದರು. ಅವನೂ ಮುಗಿದ, ಎತ್ತಿದ ಕಾಲು ಎತ್ತಿದಂತೆಯೇ.