ಬೇಕಾಗಿದ್ದಾರೆ: ಒಬ್ಬ ಫುಟ್‌ಬಾಲ್ ಕೋಚ್

ನಮಗೆ ಗೊತ್ತಿಲ್ಲದ ಕೆಲಸಕ್ಕೆ ಗೊತ್ತಿರುವವರನ್ನು ಹುಡುಕುವುದಿದೆಯಲ್ಲ, ಅದಕ್ಕಿಂತ ಪೇಚಿನ ಕೆಲಸ ಇನ್ನೊಂದಿಲ್ಲ. ಗಡಿಯಾರ ರಿಪೇರಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು "ಸ್ಪ್ರಿಂಗ್ ಹೋಗಿದೆ ಸಾರ್" ಎಂದರೆ ನಾವು ತಲೆಯಾಡಿಸಿ ಬರುತ್ತೇವೆ. ಅವನ ಕೆಲಸ ಹೇಗೆ ಎಂದು ನಮಗೆ ತಿಳಿಯುವುದಿಲ್ಲ. ಆದ್ದರಿಂದ ಅವನ ಮುಖ ನೋಡುತ್ತೇವೆ, ಅಂಗಡಿಯ ದೇವರ ಪಟಕ್ಕೆ ಹಾಕಿದ ಹೂವು ಬಾಡಿದೆಯೋ ಇಲ್ಲವೋ ನೋಡುತ್ತೇವೆ, ಒಳ್ಳೆಯವನು ಎಂದು ತೀರ್ಮಾನಿಸುತ್ತೇವೆ. ನಾನಂತೂ ಹಲ್ಲಿನ ಡಾಕ್ಟರನ್ನು ಆರಿಸಿಕೊಂಡದ್ದೇ ಅವರ ಕೈಬರಹ ದುಂಡಗಿದೆ ಎಂಬ ಕಾರಣಕ್ಕೆ. ಆಮೇಲೆ ಅವರು ಯಾವ ಹಲ್ಲು ಕಿತ್ತರು ಎಂಬ ಮಾತು ಈಗ ಬೇಡ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಯನಗರದ ಅಂಚಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಕಾಲೇಜಿನ ಅಧ್ಯಕ್ಷರು ಮುನಿರೆಡ್ಡಪ್ಪನವರು. ಅವರ ರಾಗಿ ಹೊಲಗಳ ಮೇಲೆಯೇ ಆ ಬಡಾವಣೆ ಎದ್ದಿತ್ತು. ಉಳಿದ ಒಂದು ಹೊಲದಲ್ಲಿ ಅವರು ಕಾಲೇಜು ಕಟ್ಟಿಸಿದ್ದರು. ಅವರಿಗೆ ಫುಟ್‌ಬಾಲಿನ ಹುಚ್ಚು. ಹುಚ್ಚು ಹಿಡಿದದ್ದು ಹೀಗೆ: ಯಾವುದೋ ಪಂದ್ಯಕ್ಕೆ ಅವರನ್ನು ಮುಖ್ಯ ಅತಿಥಿಯಾಗಿ ಕರೆದು, ಹಾರ ಹಾಕಿ, ಮೊದಲ ಸಲ ಚೆಂಡು ಒದೆಯಲು ಹೇಳಿದ್ದರಂತೆ. ಇವರು ಪಂಚೆ ಎತ್ತಿಕಟ್ಟಿ ಒದ್ದರಂತೆ. ಚೆಂಡು ಹೋಗಿ ಎದುರು ಕೂತಿದ್ದ ಇನ್ನೊಂದು ಕಾಲೇಜಿನ ಅಧ್ಯಕ್ಷರ ಕಾಫಿ ಲೋಟಕ್ಕೆ ಬಡಿಯಿತಂತೆ. ಜನ ಚಪ್ಪಾಳೆ ತಟ್ಟಿದರು. ಅಂದಿನಿಂದ ನಮ್ಮ ಕಾಲೇಜು ಎಂದರೆ ಫುಟ್‌ಬಾಲು, ಫುಟ್‌ಬಾಲು ಎಂದರೆ ನಮ್ಮ ಕಾಲೇಜು ಎಂದಾಗಬೇಕು ಎಂಬುದು ಅವರ ಆಸೆ. ಹುಡುಗರಿಗೆ ಕೆಂಪು ಜರ್ಸಿ ಬಂತು, ಲ್ಯಾಬಿಗೆ ಬರಬೇಕಿದ್ದ ಮೈಕ್ರೋಸ್ಕೋಪು ಬರಲಿಲ್ಲ. ಇಷ್ಟೆಲ್ಲ ಮಾಡಿಯೂ ಆ ಕಾಫಿ ಲೋಟದ ಕಾಲೇಜಿನ ಮುಂದೆ ಪ್ರತಿವರ್ಷ ಸೋಲುತ್ತಿದ್ದೆವು. ಲಾಲ್‌ಬಾಗಿನಿಂದ ಈಚೆ ಹುಟ್ಟಿದ ನಮ್ಮ ಹುಡುಗರಿಗೆ ಕ್ರಿಕೆಟ್ ಬರುತ್ತಿತ್ತು, ಕೇರಂ ಇನ್ನೂ ಚೆನ್ನಾಗಿ ಬರುತ್ತಿತ್ತು. ಫುಟ್‌ಬಾಲು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯವರ ಆಟ.

ಒಂದು ದಿನ ಅಧ್ಯಕ್ಷರು ನಮ್ಮನ್ನೆಲ್ಲ ಕರೆದು ಖಡಾಖಂಡಿತವಾಗಿ ಹೇಳಿದರು. "ನೋಡಿ ಮೇಷ್ಟ್ರೇ, ಒಳ್ಳೆ ಹೆಡ್ ಕೋಚ್ ತಂದ್ಬಿಡಿ. ಈ ಸಲ ಅವರ ಮುಂದೆ ಸೋಲ್ಕೂಡ್ದು. ಸೋತ್ರೆ ಆ ಗ್ರೌಂಡ್ ಇಟ್ಕೊಂಡು ನಾನೇನ್ ಮಾಡ್ಲಿ? ಕಲ್ಯಾಣ ಮಂಟಪ ಕಟ್ಟಿಸ್ಬಿಡ್ತೀನಿ. ನಾಲ್ಕು ಜನ ಊಟನಾದ್ರೂ ಮಾಡ್ತಾರೆ."

ಉಳಿದವರು ನಕ್ಕರು. ನನ್ನ ಜೀವ ಮಾತ್ರ ಬಾಯಿಗೆ ಬಂತು. ಏಕೆಂದರೆ ನಮ್ಮ ಮನೆ ಇದ್ದದ್ದು ಆ ಗ್ರೌಂಡಿನ ಕಾಂಪೌಂಡಿಗೆ ಅಂಟಿಕೊಂಡು. ನಾನು ತಲೆ ಇಟ್ಟು ಮಲಗುವ ಕಿಟಕಿ ನೇರವಾಗಿ ಗೋಲಿನ ಕಡೆಗೆ ತೆರೆಯುತ್ತಿತ್ತು. ಕಲ್ಯಾಣ ಮಂಟಪದ ಪಕ್ಕದ ಮನೆ ಎಂದರೆ ಏನೆಂದು ನನಗೆ ಗೊತ್ತು. ಹಿಂದೆ ಅಂಥದೊಂದು ಮನೆಯಲ್ಲಿ ಬಾಡಿಗೆಗಿದ್ದು ನರಳಿದ್ದೇನೆ. ಬ್ರಾಹ್ಮೀ ಮುಹೂರ್ತದಲ್ಲಿ ಓಲಗ, ಅದು ಮುಗಿದರೆ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು, ನಡುನಡುವೆ "ಹುಡುಗನ ಸೋದರಮಾವ ಎಲ್ಲಿದ್ದರೂ ವೇದಿಕೆಗೆ ಬರಬೇಕು" ಎಂಬ ಘೋಷಣೆ. ಒಂದು ಸಲ ಆ ಸೋದರಮಾವ ನಮ್ಮ ಮನೆಯ ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದ. ನೀರು ಕೇಳಲು ಬಂದವನು ಬಿಸಿನೀರೂ ಕೇಳಿದ್ದ. ಇಂಥ ಬಾಳಿನಿಂದ ಓಡಿಬಂದು ಈ ಮನೆ ಹಿಡಿದಿದ್ದೆ. ಆದ್ದರಿಂದ ಕೋಚ್ ಆಯ್ಕೆ ಸಮಿತಿಗೆ ಯಾರಾಗುತ್ತೀರಿ ಎಂದು ಪ್ರಿನ್ಸಿಪಾಲರು ಕೇಳಿದಾಗ ನಾನೇ ಕೈ ಎತ್ತಿದೆ. ಸಹೋದ್ಯೋಗಿಗಳು ನನ್ನ ಕ್ರೀಡಾಪ್ರೇಮ ಕಂಡು ಬೆರಗಾದರು.

ಸಮಿತಿಯಲ್ಲಿ ಮೂವರು: ಅಧ್ಯಕ್ಷರು, ಪ್ರಿನ್ಸಿಪಾಲ್ ಶೇಷಗಿರಿರಾಯರು, ನಾನು. ರಾಯರು ತರ್ಕಶಾಸ್ತ್ರದವರು, ಫುಟ್‌ಬಾಲಿನಲ್ಲಿ ಒಂದೇ ಚೆಂಡಿಗೆ ಇಷ್ಟು ಜನ ಏಕೆ ಎಂಬುದು ಅವರ ಬಹುಕಾಲದ ಸಂಶಯ. ಅವರು ನನ್ನನ್ನು ಕೇಳಿದರು, "ಕೋಚನ್ನ ಹೇಗ್ರೀ ಪರೀಕ್ಷೆ ಮಾಡೋದು?" ನಾನು ಸಲೀಸಾಗಿ ಹೇಳಿದೆ, "ಲೆಕ್ಚರರನ್ನ ಹೇಗ್ ಮಾಡ್ತೀವೋ ಹಾಗೇ ಸಾರ್. ಒಂದು ಡೆಮಾನ್‌ಸ್ಟ್ರೇಶನ್ ಕ್ಲಾಸ್ ತಗೊಳ್ಲಿ." ನಮ್ಮ ಕಾಲೇಜಿನಲ್ಲಿ ಯಾರೇ ಕೆಲಸಕ್ಕೆ ಬಂದರೂ ಬೋರ್ಡಿನ ಮುಂದೆ ನಿಂತು ಪಾಠ ಮಾಡಿ ತೋರಿಸಬೇಕಿತ್ತು. ಹಿಂದೊಮ್ಮೆ ತೋಟದ ಮಾಲಿಯಿಂದಲೂ ಮಾಡಿಸಿದ್ದರು ಎಂಬ ಪ್ರತೀತಿ ಇತ್ತು. ರಾಯರಿಗೆ ನನ್ನ ಸಲಹೆ ಹಿಡಿಸಿತು.

ಸಂದರ್ಶನದ ದಿನ ರಾಹುಕಾಲ ಕಳೆದು, ಉಪ್ಪಿಟ್ಟು ಕಾಫಿ ಮುಗಿಸಿ ಕೂತೆವು. ಮೊದಲು ಬಂದವರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಮೀಸೆ ಮೊದಲು ಒಳಗೆ ಬಂತು, ಅವರು ಆಮೇಲೆ. "ಕ್ಲಾಸ್ ತಗೊಳ್ಳಿ" ಎಂದು ರಾಯರು ಹೇಳಿದ್ದೇ ತಡ, "ಸಾವಧಾನ್!" ಎಂದು ಗುಡುಗಿದರು. ನಾವು ಮೂವರೂ ಎದ್ದು ನಿಂತೆವು. ಏಕೆ ಎದ್ದೆವು ಎಂದು ಈಗಲೂ ಹೇಳಲಾರೆ. "ತೇಜ್ ಚಲ್" ಎಂದರು. ಅಧ್ಯಕ್ಷರು ಮುಂದೆ, ರುಮಾಲು ಸರಿಮಾಡಿಕೊಳ್ಳುತ್ತ ರಾಯರು ನಡುವೆ, ನಾನು ಹಿಂದೆ ಬಾಗಿಲು ದಾಟಿ, ವರಾಂಡ ದಾಟಿ ನಡೆದೆವು. ನಿಲ್ಲಲು ಏನು ಹೇಳಬೇಕೆಂದು ನಮಗೆ ತಿಳಿಯದು, ಅವರು ಹೇಳಲೊಲ್ಲರು. ಕೊನೆಗೆ ಕೆಮಿಸ್ಟ್ರಿ ಲ್ಯಾಬಿನ ಗೋಡೆ ಬಂದು ನಮ್ಮನ್ನು ನಿಲ್ಲಿಸಿತು. ಅಧ್ಯಕ್ಷರು ಏದುಸಿರು ಬಿಡುತ್ತ, "ಮೇಷ್ಟ್ರೇ, ಇವ್ರು ಬೇಡ, ಇವ್ರು ಬಂದ್ರೆ ನಾನ್ ಉಳಿಯಲ್ಲ" ಎಂದರು.

ಎರಡನೆಯವರು ಆಸ್ಟಿನ್ ಟೌನಿನ ಆರೋಗ್ಯಸ್ವಾಮಿ. ಕಪ್ಪು ಕನ್ನಡಕ, ಬೆಲ್‌ಬಾಟಂ ಪ್ಯಾಂಟು, ಎಂದೋ ತಾವು ಹೊಡೆದ ಗೋಲುಗಳ ಕಥೆ. ಒಂದೊಂದು ಕಥೆಯಲ್ಲೂ ಗೋಲ್‌ಕೀಪರ್ ಹಾರುತ್ತಿದ್ದ, ಜನ ಅಳುತ್ತಿದ್ದರು. ಡೆಮಾನ್‌ಸ್ಟ್ರೇಶನ್ ಕ್ಲಾಸ್ ಎಂದಾಗ ಅವರು ಸೀಮೆಸುಣ್ಣವನ್ನು ಸಿಗರೇಟಿನಂತೆ ಬೆರಳ ನಡುವೆ ಹಿಡಿದು, "ಕ್ಲಾಸೆಲ್ಲಾ ಆಮೇಲೆ ಸಾರ್. ಮೊದ್ಲು ಟೀಮ್ ತೋರ್ಸಿ, ನಾನು ಓಕೆ ಅಂದ್ರೆ ಓಕೆ" ಎಂದರು. ಆಹಾ, ಎಂಥ ಆತ್ಮವಿಶ್ವಾಸ ಎಂದುಕೊಂಡು ಕಿಟಕಿಯಿಂದ ತೋರಿಸಿದೆವು. ಹುಡುಗರು ಆಡುತ್ತಿದ್ದರು. ಆರೋಗ್ಯಸ್ವಾಮಿ ಕನ್ನಡಕ ತೆಗೆದು ನೋಡಿದರು, ಒರೆಸಿ ಹಾಕಿಕೊಂಡು ನೋಡಿದರು. "ಒಂದ್ ನಿಮಿಷ ಸಾರ್, ಟೀ ಕುಡ್ದು ಬರ್ತೀನಿ" ಎಂದು ಹೋದರು. ಶಿವಾಜಿನಗರದ ಬಸ್ಸಿಗೆ ಅವರು ಓಡಿ ಹತ್ತಿದ್ದನ್ನು ನಮ್ಮ ಜವಾನ ಕಂಡನಂತೆ. ನಾವು ಅವರನ್ನು ಸಂದರ್ಶಿಸಿದೆವೆಂದು ತಿಳಿದಿದ್ದೆವು. ಅವರು ನಮ್ಮನ್ನು ಸಂದರ್ಶಿಸಿ ನಪಾಸು ಮಾಡಿ ಹೋಗಿದ್ದರು.

ಮೂರನೆಯವರು ಚಂದ್ರಶೇಖರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಫಸ್ಟ್ ಕ್ಲಾಸ್ ಡಿಪ್ಲೊಮಾ. ಬೋರ್ಡನ್ನು ಮೇಲಿಂದ ಕೆಳಕ್ಕೆ ನೀಟಾಗಿ ಒರೆಸಿದರು. ಆಗಲೇ ರಾಯರು ಅರ್ಧ ಸೋತರು. ಬಣ್ಣದ ಸೀಮೆಸುಣ್ಣ ತಾವೇ ತಂದಿದ್ದರು. ಫುಟ್‌ಬಾಲ್ ಎಂದರೇನು, ಅದರ ಉಗಮ, ಲಕ್ಷಣ, ಪ್ರಯೋಜನ, ಉಪಸಂಹಾರ. ಚೆಂಡಿನ ಅಡ್ಡಸೀಳಿಕೆಯ ಚಿತ್ರ ಬರೆದು ಭಾಗಗಳನ್ನು ಬಾಣದ ಗುರುತು ಹಾಕಿ ಹೆಸರಿಸಿದರು. ನಾನು ಸಸ್ಯಶಾಸ್ತ್ರದವನು, ಭಾಗಗಳನ್ನು ಹೆಸರಿಸಿದ ಚಿತ್ರ ಕಂಡರೆ ಕರಗಿಹೋಗುತ್ತೇನೆ. ಗಂಟೆ ಹೊಡೆಯುವುದಕ್ಕೂ ಅವರು "ಯಾರಿಗಾದರೂ ಸಂಶಯಗಳಿವೆಯೇ?" ಎನ್ನುವುದಕ್ಕೂ ಸರಿಹೋಯಿತು. ಸಂಶಯ ಯಾರಿಗೂ ಇರಲಿಲ್ಲ. ನೀವು ಎಂದಾದರೂ ಚೆಂಡು ಒದ್ದಿದ್ದೀರಾ ಎಂದು ಕೇಳಬೇಕೆಂದು ಮೂವರು ವಿದ್ಯಾವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಧ್ಯಕ್ಷರು ಕೇಳಿದ್ದು ಒಂದೇ, "ಮದ್ವೆ ಆಗಿದ್ಯಾ?" ಇಲ್ಲ ಎಂದರು. "ಹಂಗಾದ್ರೆ ಗಮನ ಎಲ್ಲಾ ಆಟದ ಮೇಲೇ ಇರ್ತದೆ" ಎಂದು ಅಧ್ಯಕ್ಷರು ಒಪ್ಪಿದರು. ಆ ದಿನ ನಾನು ನೆಮ್ಮದಿಯಿಂದ ಮಲಗಿದೆ.

ಚಂದ್ರಶೇಖರ್ ಗ್ರೌಂಡಿನ ಮೂಲೆಯ ಹೊಂಗೆಮರಕ್ಕೆ ಕರಿಹಲಗೆ ಒರಗಿಸಿ ಪಾಠ ಶುರುಮಾಡಿದರು. ಹುಡುಗರು ಕೆಂಪು ಜರ್ಸಿ ತೊಟ್ಟು ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಕ್ಯಾಪ್ಟನ್ ನಾಗರಾಜ ಧೈರ್ಯ ಮಾಡಿ, "ಸಾರ್, ಬಾಲ್ ಯಾವಾಗ್ ಕೊಡ್ತೀರ?" ಎಂದರೆ, "ಮೊದಲು ಪೋರ್ಷನ್ ಮುಗೀಲಿ" ಎನ್ನುತ್ತಿದ್ದರು. ಟೆಸ್ಟ್ ಕೂಡ ಕೊಟ್ಟರು. ಆಫ್‌ಸೈಡ್ ನಿಯಮದ ಮೇಲೆ ಟಿಪ್ಪಣಿ ಬರೆದು ಗೋಲ್‌ಕೀಪರ್ ಮೊದಲ ಸ್ಥಾನ ಪಡೆದ. ನನಗೆ ಸಣ್ಣಗೆ ಭಯ ಹುಟ್ಟಿತಾದರೂ, ಬುನಾದಿ ಭದ್ರವಾಗುತ್ತಿದೆ ಎಂದು ಸಮಾಧಾನ ಮಾಡಿಕೊಂಡೆ.

ಪೋರ್ಷನ್ ಮುಗಿಯಲಿಲ್ಲ. ಪಂದ್ಯ ಇನ್ನೇನು ಬಂತು ಎನ್ನುವಾಗ ಚಂದ್ರಶೇಖರ್ ಪೇಡದ ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಬಂದರು. ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು. ಆ ಕಾಲದಲ್ಲಿ ಬ್ಯಾಂಕ್ ಕೆಲಸ ಸಿಕ್ಕವನನ್ನು ತಡೆಯುವುದು ಮಹಾಪಾಪ. ಪ್ರಿನ್ಸಿಪಾಲರೇ ಆಶೀರ್ವಾದ ಮಾಡಿ ಎರಡು ಪೇಡ ತಿಂದರು. ತಿಂದ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಡೆಮಾನ್‌ಸ್ಟ್ರೇಶನ್ ಕ್ಲಾಸ್ ಐಡಿಯಾ ನಿಮ್ದೇ ಅಲ್ವೇ? ಪಂದ್ಯಕ್ಕೂ ನೀವೇ ನಿಂತುಬಿಡಿ" ಎಂದು ವಿಷಲ್ಲು ಕೈಗಿತ್ತರು.

ಪಂದ್ಯ ನಮ್ಮ ಗ್ರೌಂಡಿನಲ್ಲೇ. ಶಾಮಿಯಾನದ ಕೆಳಗೆ ಇಬ್ಬರು ಅಧ್ಯಕ್ಷರು ಅಕ್ಕಪಕ್ಕ ಕೂತಿದ್ದರು; ಎದುರು ಕಾಲೇಜಿನವರು ಈ ಸಲ ಕಾಫಿ ಮುಟ್ಟಿರಲಿಲ್ಲ. ಎದುರಾಳಿ ಹುಡುಗರು ಉದ್ದ ಕೂದಲು ಬಿಟ್ಟುಕೊಂಡು ಚೆಂಡನ್ನು ಮೊಣಕಾಲ ಮೇಲೆ ಕುಣಿಸುತ್ತಿದ್ದರು. ನಮ್ಮವರು ಕೊನೆಯ ಗಳಿಗೆಯಲ್ಲಿ ನೋಟ್ಸ್ ತಿರುವುತ್ತಿದ್ದರು. ನನ್ನ ಕಿವಿಯಲ್ಲಿ ಆಗಲೇ ಓಲಗ ಕೇಳತೊಡಗಿತ್ತು. ನಾಗರಾಜ ಬಂದು, "ಸಾರ್, ಏನ್ ಮಾಡೋದು ಹೇಳಿ" ಎಂದ.

ನನಗೆ ಏನು ಗೊತ್ತು? ನನಗೆ ಗೊತ್ತಿದ್ದ ಒಂದೇ ವಿದ್ಯೆ ಪರೀಕ್ಷಾ ಹಾಲಿನ ಕಾವಲು. ಅದರಲ್ಲಿ ಮಾತ್ರ ಇಡೀ ಕಾಲೇಜಿಗೆ ನನ್ನ ಹೆಸರಿತ್ತು. "ಲೋ, ಪರೀಕ್ಷೇಲಿ ಕಾಪಿ ಹೊಡೆಯೋನ ಹತ್ರ ನಾನೇನ್ ಮಾಡ್ತೀನಿ?" ಎಂದು ಕೇಳಿದೆ.

"ಪಕ್ಕದಲ್ಲೇ ಬಂದು ನಿಂತ್ಬಿಡ್ತೀರ ಸಾರ್. ಕತ್ತು ತಿರುಗ್ಸಕ್ಕೂ ಬಿಡಲ್ಲ."

"ಅದನ್ನೇ ಮಾಡ್ರೋ. ಅವರಲ್ಲಿ ಒಬ್ಬೊಬ್ಬನಿಗೆ ನಿಮ್ಮಲ್ಲಿ ಒಬ್ಬೊಬ್ಬ. ನೀರು ಕುಡಿಯಕ್ಕೆ ಹೋದ್ರೂ ಬಿಡಬೇಡಿ!"

ನೊಂದವರಿಗೇ ಆ ವಿದ್ಯೆ ಚೆನ್ನಾಗಿ ಗೊತ್ತಿರುತ್ತದೆ. ಆಟ ಶುರುವಾದದ್ದೇ ನಮ್ಮ ಹುಡುಗರು ಒಬ್ಬೊಬ್ಬನನ್ನು ಹಿಡಿದುಕೊಂಡರು. ಅವನು ಎಡಕ್ಕೆ ಹೋದರೆ ಇವನೂ ಎಡಕ್ಕೆ. ಅವನು ನಿಂತರೆ ಇವನು ಹಿಂದೆ ಕೈ ಕಟ್ಟಿಕೊಂಡು, ಥೇಟ್ ನನ್ನ ಹಾಗೆ, ಪಕ್ಕದಲ್ಲಿ ನಿಂತು ದುರುಗುಟ್ಟಿ ನೋಡುವುದು. ಒಬ್ಬ ಲೇಸು ಕಟ್ಟಲು ಬಗ್ಗಿದರೆ ನಮ್ಮವನೂ ಬಗ್ಗಿ, ಕಾಲುಚೀಲದಲ್ಲಿ ಚೀಟಿ ಇದೆಯೇನೋ ಎಂಬಂತೆ ನೋಡಿದ. ಇನ್ನೊಬ್ಬ ತಡೆಯಲಾರದೆ ಹೊಂಗೆಮರದ ಹಿಂದಕ್ಕೆ ಹೋದ. ನಮ್ಮ ಗೋಪಿ ಅಲ್ಲಿಗೂ ಹೋಗಿ, ಮರಕ್ಕೆ ಬೆನ್ನು ಹಾಕಿ ಕಾದು ನಿಂತು, ಜೊತೆಯಲ್ಲೇ ಕರೆತಂದ. ಕೆಲವು ಸಲ ಎಲ್ಲರೂ ಒಬ್ಬರನ್ನೊಬ್ಬರು ಕಾಯುವುದರಲ್ಲಿ ಮೈಮರೆತು, ಚೆಂಡು ನಡುವೆ ಒಂಟಿಯಾಗಿ ಬಿದ್ದಿರುತ್ತಿತ್ತು. ರೆಫರಿ ಅದನ್ನು ಆಸೆಯಿಂದ ನೋಡುತ್ತಿದ್ದ. ಕೊನೆಯ ವಿಷಲ್ಲು ಬಿದ್ದಾಗ ಯಾರೂ ಗೋಲು ಹೊಡೆದಿರಲಿಲ್ಲ.

ಅಧ್ಯಕ್ಷರು ಗೊಂದಲದಿಂದ, "ಏನಾಯ್ತು ಈಗ? ಸೋತ್ವಾ?" ಎಂದರು. ಶೇಷಗಿರಿರಾಯರು ತಮ್ಮ ತರ್ಕಶಾಸ್ತ್ರಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತೆಂದು ಎದ್ದು ನಿಂತು, "ಸೋತಿಲ್ಲ ಎಂಬುದು ಸಿದ್ಧ" ಎಂದು ಸಾರಿದರು. ಮುನಿರೆಡ್ಡಪ್ಪನವರು ತಮಗೆ ಹಾಕಿದ್ದ ಹಾರವನ್ನೇ ತೆಗೆದು ನನ್ನ ಕೊರಳಿಗೆ ಹಾಕಿದರು. "ಕಲ್ಯಾಣ ಮಂಟಪ ಕ್ಯಾನ್ಸಲ್! ಇನ್ಮೇಲೆ ನೀವೇ ಹೆಡ್ ಕೋಚು. ದಿನಾ ಬೆಳಗ್ಗೆ ಸೂರ್ಯ ಹುಟ್ಟೋಕೆ ಮುಂಚೆ ಪ್ರಾಕ್ಟೀಸು!" ಎಂದರು. ಸಂತೋಷದಿಂದ ನನಗೆ ಕಣ್ಣಲ್ಲಿ ನೀರು ಬಂತು. ಕಲ್ಯಾಣ ಮಂಟಪ ತಪ್ಪಿತು ಎಂಬುದಷ್ಟೇ ಆಗ ತಲೆಗೆ ಹೋಗಿತ್ತು. ಮಿಕ್ಕದ್ದು ಮರುದಿನ ಬೆಳಗ್ಗೆ ಅಲಾರಂ ಹೊಡೆದಾಗ ಹೋಯಿತು.

ಕೋಚಾಗಿ ನಾನು ಶ್ರದ್ಧೆಯಿಂದಲೇ ದುಡಿದೆ. ಮಫ್ಲರ್ ಸುತ್ತಿಕೊಂಡು ಕತ್ತಲಲ್ಲೇ ಎದ್ದು ಹೋಗಿ ವಿಷಲ್ಲು ಊದುತ್ತಿದ್ದೆ. ನನ್ನ ಧ್ವನಿ ಸಾಲದೆಂದು ಅಧ್ಯಕ್ಷರು ಧ್ವನಿವರ್ಧಕ ಕೊಡಿಸಿದರು. "ಗೋಪಿ ಎಲ್ಲಿದ್ದರೂ ಗೋಲಿನ ಹತ್ತಿರ ಬರಬೇಕು" ಎಂದು ನಾನು ಕೂಗಿದರೆ ಬನಶಂಕರಿಯವರೆಗೂ ಕೇಳುತ್ತಿತ್ತಂತೆ. ಹುಡುಗರೂ ಹುರುಪಿನಿಂದ ಒದೆಯತೊಡಗಿದರು. ಚೆಂಡು ಹೋಗಿ ನಮ್ಮ ರಸ್ತೆಯ ತಾರಸಿಗಳ ಮೇಲೆ, ಒಣಹಾಕಿದ ಸಂಡಿಗೆಯ ಮೇಲೆ ಬೀಳುತ್ತಿತ್ತು. ಅದನ್ನು ಕೇಳಲು ಹೋದವರು ನೀರನ್ನೂ ಕೇಳುತ್ತಿದ್ದರು. ರಸ್ತೆಯ ಜನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕು ಜನರಿಗಿಂತ ಮೇಲೆ ಬಂದವನನ್ನು ಕಂಡರೆ ಹೊಟ್ಟೆಕಿಚ್ಚು ಸಹಜ ಎಂದು ನಾನು ತಿಳಿದೆ. ಮನೆಯಲ್ಲಿ ನನ್ನ ಹೆಂಡತಿ ವಿಶಾಲಾಕ್ಷಿಯೂ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಿದ್ದಳು, ಶೀತವಿರಬೇಕು ಎಂದುಕೊಂಡೆ.

ಒಂದು ದಿನ ಅಧ್ಯಕ್ಷರು ಕರೆಸಿದರು. "ಮೇಷ್ಟ್ರೇ, ಬೆಳಗ್ಗೆ ನಿಮ್ ರಸ್ತೆಯೋರೆಲ್ಲಾ ಗುಂಪಾಗಿ ನಮ್ಮನೇಗೆ ಬಂದಿದ್ರು. ಆ ಗ್ರೌಂಡಲ್ಲಿ ಕಲ್ಯಾಣ ಮಂಟಪ ಕಟ್ಸಿ ಪುಣ್ಯ ಕಟ್ಕೊಳ್ಳಿ ಸ್ವಾಮಿ, ಓಲಗನಾದ್ರೂ ಲಗ್ನ ಇದ್ದಾಗ ಮಾತ್ರ ಇರ್ತದೆ ಅಂತ ಕೈ ಮುಗಿದ್ರು."

ನನಗೆ ರೇಗಿಹೋಯಿತು. "ಯಾರು ಸಾರ್ ಅವರು? ಕ್ರೀಡೆ ಅಂದ್ರೇನು ಅಂತ ಗೊತ್ತಿಲ್ಲದೋರು! ಇದಕ್ಕೆಲ್ಲ ಮುಂದಾಳು ಯಾರು ಅಂತ ಹೇಳಿ, ಅವರ ಮನೆಗೇ ಹೋಗಿ ವಿಚಾರಿಸ್ಕೋತೀನಿ!"

ಅಧ್ಯಕ್ಷರು ಮೀಸೆಯಡಿಯಲ್ಲೇ ನಕ್ಕರು. "ಒಬ್ಬ ಹೆಣ್ಣುಮಗಳು ಮುಂದೆ ನಿಂತ್ಕೊಂಡು ಮಾತಾಡಿದ್ರು. ತಾಯಿ, ನಿಮ್ದು ಯಾವ ಮನೆ ಅಂತ ಕೇಳ್ದೆ. 'ಕೋಚ್ ಮನೆ' ಅಂದ್ರು."