ಗಿರಿರಾಜನ ಟ್ಯಾಂಕಿಗೆ ಒದ್ದೆ ಗೋಣಿಚೀಲ

ಮೇಘವಾಹನ ಮೋಟಾರ್ಸ್ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರ ತಣ್ಣನೆಯ ಕೋಣೆಗೆ,

ಮಾನ್ಯರೇ,

ಜೋಯಿಡಾ ತಾಲೂಕಿನ ಬೆಳ್ಳಂಬಿವಾಡಾದ ಹದಿನಾಲ್ಕು ಮನೆಗಳ ಪರವಾಗಿ, ದಾಂಡೇಲಿಯಿಂದ ಮರಳುವ ದಾರಿಯ ಏರಿನಲ್ಲಿ ಒಂದು ಮತ್ತಿಮರದ ಬುಡಕ್ಕೆ ಕೂತು, ತಾವು ತಯಾರಿಸಿದ ‘ಗಿರಿರಾಜ’ ಗಾಡಿ ಮತ್ತೆ ಉಸಿರಾಡುವುದನ್ನು ಕಾಯುತ್ತ, ಆ ಬಿಡುವಿನಲ್ಲಿ ತಮಗೆ ನಮಸ್ಕಾರಗಳನ್ನು ಸಲ್ಲಿಸುತ್ತಿದ್ದೇನೆ. ಈ ಗಾಡಿ ಕೊಳ್ಳುವ ಮೊದಲು ನಮಗೆ ಪತ್ರ ಬರೆಯಲು ಪುರಸೊತ್ತೇ ಇರಲಿಲ್ಲ. ಈಗ ವಾರಕ್ಕೆ ಎರಡು ಸಲವಾದರೂ ಮುಕ್ಕಾಲು ಗಂಟೆ ಸಿಗುತ್ತದೆ. ನಮ್ಮಂಥ ದುಡಿಯುವ ಮಂದಿಗೆ ಮರದ ನೆರಳಿನಲ್ಲಿ ಕೂರುವ ಭಾಗ್ಯ ಕರುಣಿಸಿದ ಮೊದಲ ಕಂಪನಿ ತಮ್ಮದು, ಅದಕ್ಕೆ ಋಣಿಗಳು.

ಮೊದಲು ನಮ್ಮ ಪರಿಚಯ. ನಾವು ಸಿದ್ದಿಗಳು, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಈ ಕಾಡಿನವರೇ ಆದವರು. ನಮ್ಮ ವಾಡಾದಲ್ಲಿ ಇಗರ್ಜಿಗೆ ಹೋಗುವವರು, ಮಸೀದಿಗೆ ಹೋಗುವವರು, ಗುಡಿಗೆ ಹೋಗುವವರು ಎಲ್ಲರೂ ಇದ್ದೇವೆ, ಆಸ್ಪತ್ರೆಗೆ ಮಾತ್ರ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗುತ್ತೇವೆ. ಎರಡು ವರ್ಷದ ಹಿಂದೆ ಹೆಂಗಸರ ಸಂಘದಿಂದ ಈ ಎಂಟು ಸೀಟಿನ ಗಾಡಿ ಕೊಂಡಿದ್ದು ಪ್ರವಾಸಕ್ಕಲ್ಲ. ಸಲ್ಮಾ ಚಾಚಿಯ ಎರಡೂ ಮೂತ್ರಪಿಂಡಗಳು ಕೆಲಸ ಬಿಟ್ಟಿವೆ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಎಂಟಕ್ಕೆ ಆಕೆ ದಾಂಡೇಲಿ ಆಸ್ಪತ್ರೆಯ ಡಯಾಲಿಸಿಸ್ ಯಂತ್ರದ ಮುಂದೆ ಇರಬೇಕು, ತಡವಾದರೆ ಆ ಯಂತ್ರ ಮುಂದಿನ ರೋಗಿಗೆ ಹೋಗುತ್ತದೆ. ಆ ಹೊತ್ತಿಗೆ ನಮ್ಮ ಕಡೆಯಿಂದ ಬಸ್ಸಿಲ್ಲ. ತಮ್ಮ ಜಾಹೀರಾತಿನಲ್ಲಿ ‘ಬೆಟ್ಟವೇ ಬಾಗಿ ದಾರಿ ಬಿಡುತ್ತದೆ’ ಎಂದು ಬರೆದಿತ್ತು, ನಾವು ನಂಬಿದೆವು. ಗಿರಿರಾಜ ಎಂಬ ಹೆಸರಿನ ಕೋಳಿಯನ್ನೂ ನಮ್ಮ ಮನೆಗಳಲ್ಲಿ ಸಾಕಿದ್ದೇವೆ, ಏರು ಹತ್ತುವಾಗ ಅದು ನಡುದಾರಿಯಲ್ಲಿ ನಿಂತಿದ್ದನ್ನು ಯಾರೂ ಕಂಡಿಲ್ಲ.

ತಮ್ಮ ಗಿರಿರಾಜನ ಸ್ವಭಾವ ಹೀಗಿದೆ. ತಂಪು ಹೊತ್ತಿನಲ್ಲಿ ಹೊರಟರೆ ಸೌಮ್ಯ. ಅರ್ಧ ಗಂಟೆ ಓಡಿ ಮೈ ಬಿಸಿಯಾದ ಮೇಲೆ ಏರು ಎದುರಾದರೆ, ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಸುಮ್ಮನಾಗುತ್ತದೆ, ಗಾಡಿ ನಿಲ್ಲುತ್ತದೆ. ಮುಕ್ಕಾಲು ಗಂಟೆ ತಣ್ಣಗಾಗಲು ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಗುತ್ತದೆ. ಕಳೆದ ವರ್ಷ ಒಂದು ಗುರುವಾರ ದಾಂಡೇಲಿ ಇನ್ನು ಮೂರು ಕಿಲೋಮೀಟರ್ ಇದೆ ಎನ್ನುವಾಗ ನಿಂತಿತು. ಯಂತ್ರ ತಪ್ಪಿತು. ಶುಕ್ರವಾರ ಸಂಜೆಗೆ ಚಾಚಿಯ ಕಾಲು ಕುಂಬಳದಂತೆ ಊದಿ, ಉಸಿರು ಸಿಕ್ಕದೆ, ಆಂಬುಲೆನ್ಸ್ ಕರೆಸಿ ಹುಬ್ಬಳ್ಳಿಗೆ ಸಾಗಿಸಬೇಕಾಯಿತು. ಮೂರು ದಿನ ಸತ್ತಂತೆ ಮಲಗಿ ಬದುಕಿ ಬಂದರು. ಇದನ್ನು ತಮ್ಮ ಗ್ರಾಹಕ ಸೇವಾ ವಿಭಾಗಕ್ಕೆ ಬರೆದಾಗ ‘ನಿಮ್ಮ ಅಮೂಲ್ಯ ಅನುಭವ ಹಂಚಿಕೊಂಡಿದ್ದಕ್ಕೆ ಧನ್ಯವಾದ’ ಎಂಬ ಉತ್ತರ ಬಂತು. ಚಾಚಿಗೆ ಓದಿ ಹೇಳಿದೆ. ಆಕೆಯೂ ತಮಗೆ ಧನ್ಯವಾದ ತಿಳಿಸಿದ್ದಾರೆ, ಆದರೆ ಆ ಮಾತುಗಳನ್ನು ಅಚ್ಚು ಹಾಕಲು ಬರುವುದಿಲ್ಲ.

ಅಲ್ಲಿಂದ ಮುಂದೆ ತಾವು ತೋರಿದ ಕಾಳಜಿಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲ ಪತ್ರದಲ್ಲಿ ನಮ್ಮ ರಸ್ತೆ ಸರಿಯಿಲ್ಲ ಎಂದಿರಿ. ಎರಡನೆಯದರಲ್ಲಿ ನಮ್ಮ ಪೆಟ್ರೋಲ್ ಸರಿಯಿಲ್ಲ ಎಂದಿರಿ. ಮೂರನೆಯದರಲ್ಲಿ, ಗಾಡಿಯಲ್ಲಿ ಡಮಾಮಿ ಎಂಬ ವಾದ್ಯವನ್ನು ಸಾಗಿಸಿದ್ದರಿಂದ ಅಸಹಜ ಕಂಪನ ಉಂಟಾಗಿ ಪಂಪಿಗೆ ಧಕ್ಕೆಯಾಗಿರಬಹುದು ಎಂದು ಬರೆದಿರಿ. ನಮ್ಮ ಹಿರಿಯರು ತಲೆಮಾರುಗಳಿಂದ ಬಾರಿಸಿಕೊಂಡು ಬಂದ ಡೋಲಿಗೆ, ಬಟ್ಟೆ ಸುತ್ತಿ ಹಿಂದಿನ ಸೀಟಿನ ಮೇಲೆ ಮಲಗಿಸಿದಾಗಲೂ ಎಂಟು ಸೀಟಿನ ಗಾಡಿಯನ್ನು ನಿಲ್ಲಿಸುವ ಶಕ್ತಿ ಇದೆಯೆಂದು ನಮಗೇ ಗೊತ್ತಿರಲಿಲ್ಲ. ಈ ಸಂಶೋಧನೆಗೆ ನಮ್ಮ ಹಿರಿಯರ ಪರವಾಗಿಯೂ ವಂದನೆಗಳು.

ಹುಬ್ಬಳ್ಳಿಯ ತಮ್ಮ ಸರ್ವಿಸ್ ಸೆಂಟರಿನ ಸತ್ಕಾರವನ್ನಂತೂ ಮರೆಯಲಾರೆವು. ನಮ್ಮ ಡ್ರೈವರ್ ರಿಯಾಜ, ಸಲ್ಮಾ ಚಾಚಿಯ ಮಗ, ಗಾಡಿ ತಗೊಂಡು ಹೋದರೆ ಕೌಂಟರಿನವರು ಅವನ ಮುಖ, ಕೂದಲು ನೋಡಿ ಇಂಗ್ಲಿಷಿನಲ್ಲಿ ಯಾವ ದೇಶದವರೆಂದು ಕೇಳಿ, ವಾರಂಟಿ ಭಾರತದೊಳಗೆ ಮಾತ್ರ ಎಂದು ವಿನಯದಿಂದ ತಿಳಿಸಿದರು. ಅವನು ಕನ್ನಡದಲ್ಲೇ ಹೇಳಿದ: “ಹಳಿಯಾಳ ದಾಟಿ ಬಂದೇನ್ರೀ. ನಡುವ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ.” ಆಮೇಲೆ ಗಾಡಿಯನ್ನು ನೆರಳಿನ ಶೆಡ್ಡಿನಲ್ಲಿ, ಸಮತಟ್ಟಾದ ನೆಲದ ಮೇಲೆ, ಹತ್ತು ನಿಮಿಷ ಚಾಲೂ ಇಟ್ಟು ನೋಡಿದರು. ಪಂಪ್ ತನ್ನ ತವರುಮನೆಯಲ್ಲಿ ಮಗುವಿನಂತೆ ನಕ್ಕಿತು. ದೋಷವನ್ನು ಸರ್ವಿಸ್ ಸೆಂಟರಿನ ಆವರಣದಲ್ಲೇ, ಸಿಬ್ಬಂದಿಯ ಕಣ್ಣೆದುರೇ ತೋರಿಸಿಕೊಟ್ಟರೆ ಮಾತ್ರ ಪಂಪ್ ಬದಲಿಸಿಕೊಡುವುದು ಕಂಪನಿಯ ನಿಯಮ ಎಂದರು. ಅಂದರೆ ನಿಂತ ಗಾಡಿ ತಮ್ಮಲ್ಲಿಗೆ ಬರಲಾರದು, ಬಂದ ಗಾಡಿ ನಿಂತಿರಲಾರದು. ಇಂಥ ನಿಯಮ ಬರೆದ ಪುಣ್ಯಾತ್ಮರಿಗೆ ತಾವು ಸಂಬಳ ಹೆಚ್ಚಿಸಬೇಕು.

ಇಷ್ಟಾದ ಮೇಲೆ ಒಂದು ಸಂಗತಿ ನಡೆಯಿತು. ಮುಂಡಗೋಡದ ಟಿಬೆಟನ್ ಕಾಲೊನಿಗೆ ಮೆಕ್ಕೆಜೋಳ ಮುರಿಯಲು ಹೋದ ನಮ್ಮ ಹೆಣ್ಣುಮಕ್ಕಳು ಅಲ್ಲಿಯ ಮಠದ ಅಂಗಳದಲ್ಲಿ ಇದೇ ಬಣ್ಣದ, ಇದೇ ಗಿರಿರಾಜನನ್ನು ಕಂಡರು. ನಿಮ್ಮದು ನಿಲ್ಲುವುದಿಲ್ಲವೇ ಎಂದು ಒಬ್ಬ ಲಾಮಾ ಅವರನ್ನು ಕೇಳಿದರೆ, ನಿಲ್ಲುತ್ತಿತ್ತು, ಕಂಪನಿಯವರು ಪುಕ್ಕಟೆ ಹೊಸ ಪಂಪ್ ಹಾಕಿಕೊಟ್ಟರು ಎಂದರು. ಅವರು ತೋರಿಸಿದ ರಿಪೇರಿ ಬಿಲ್ಲಿನ ಹಿಂದೆ ತಮ್ಮವರು ಮರೆತು ಪಿನ್ ಮಾಡಿದ್ದ ತಮ್ಮ ಹದಿನೇಳನೆಯ ಸುತ್ತೋಲೆಯ ಪ್ರತಿಯೂ ಇತ್ತು. ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ತಯಾರಾದ ಗಾಡಿಗಳಲ್ಲಿ ಪಂಪ್ ಕಾವಿಗೆ ನಿಲ್ಲುವುದು ಕಂಪನಿಯ ಗಮನಕ್ಕೆ ಬಂದಿದೆ, ಗ್ರಾಹಕರು ಹಟ ಹಿಡಿದರೆ ಮಾತ್ರ ಬದಲಿಸಿ, ತಾವಾಗಿ ತಿಳಿಸುವ ಅಗತ್ಯವಿಲ್ಲ ಎಂದು ಅದರಲ್ಲಿ ಬರೆದಿದೆ. ನಮ್ಮ ಗಾಡಿ ಆ ತಿಂಗಳುಗಳ ನಟ್ಟನಡುವೆ ಹುಟ್ಟಿದೆ. ಬಂಗೂರನಗರದ ಸ್ವಪ್ನಾ ಟೀಚರ್ ಗಾಡಿ, ರಾಮನಗರದ ಮೀನು ವ್ಯಾಪಾರಿ ಜ್ಯೋತಿಬಾ ಅವರ ಗಾಡಿ ಕೂಡ ಅದೇ ತಿಂಗಳ ಕೂಸುಗಳು. ಹೀಗೆ ಹುಡುಕುತ್ತ ಹೋಗಿ ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ನಮ್ಮದೂ ಸೇರಿ ಒಂಬತ್ತು ಪತ್ತೆಯಾದವು. ತಮಗೆ ಮೊದಲೇ ಗೊತ್ತಿತ್ತು. ಚಾಚಿ ಬಾಯಿ ತೆರೆದು ಉಸಿರಿಗೆ ಹೋರಾಡುತ್ತಿದ್ದಾಗ ಈ ಕಾಗದ ತಮ್ಮ ಕಪಾಟಿನಲ್ಲಿ ತಣ್ಣಗೆ ಮಲಗಿತ್ತು.

ಸುತ್ತೋಲೆಯ ಪ್ರತಿಯನ್ನು ಲಗತ್ತಿಸಿ ಬರೆದ ಮೇಲೆ ತಾವು ಒಬ್ಬ ಪರಿವೀಕ್ಷಕರನ್ನು ವಾಡಾಕ್ಕೇ ಕಳಿಸಿದಿರಿ. ಇಲ್ಲಿ ನಮ್ಮ ಕಡೆಯ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕು. ನನ್ನ ಅಪ್ಪ ಸಂತಾನ ಸಿದ್ದಿ ಒಂದು ಕಾಲಕ್ಕೆ ದಾಂಡೇಲಿಯಲ್ಲಿ ಮರದ ದಿಮ್ಮಿ ಸಾಗಿಸುವ ನಾಟಾ ಲಾರಿಗಳಲ್ಲಿ ಕ್ಲೀನರ್ ಆಗಿದ್ದವರು. ಬಿಸಿಯಾದ ಲಾರಿಗೆ ಒದ್ದೆ ಗೋಣಿಚೀಲ ಕಟ್ಟಿ ತಣಿಸುವುದು ಅವರಿಗೆ ಗೊತ್ತಿದ್ದ ವಿದ್ಯೆ. ಅದನ್ನು ಅವರಿಂದ ಕಲಿತ ನನ್ನ ಅವ್ವ ಮಾರ್ಗರೀಟಾ, ಗುರುವಾರದ ಆ ಘಟನೆಯ ನಂತರ ಪ್ರತಿ ಸಲ ಹೊರಡುವ ಮೊದಲು ಟ್ಯಾಂಕಿನ ಕೆಳಗೆ ಚೀಲ ಕಟ್ಟುತ್ತಾಳೆ. ಚಳಿಗಾಲವೆಲ್ಲ ತಮ್ಮ ಪಂಪ್ ಓಡಿದ್ದು ನನ್ನ ಅವ್ವನ ಚೀಲದಿಂದ. ಪರಿವೀಕ್ಷಕರು ಬರುವ ದಿನ ಚೀಲ ಬೇಡ, ಗಾಡಿ ನಿಲ್ಲಲಿ, ಅವರೇ ನೋಡಲಿ ಎಂದು ಎಲ್ಲರಿಗೂ ಹೇಳಿಟ್ಟಿದ್ದೆ. ಅವರು ಬಂದರು, ಕೋಳಿ ಸಾರು ಉಂಡರು, ಗಾಡಿ ಹತ್ತಿದರು. ಏರು ಹತ್ತಿ ಇಳಿದು ಮತ್ತೆ ಹತ್ತಿಸಿದರೂ ಗಿರಿರಾಜ ಒಮ್ಮೆಯೂ ಕೆಮ್ಮಲಿಲ್ಲ. ‘ದೋಷ ಕಂಡುಬಂದಿಲ್ಲ’ ಎಂದು ಬರೆದು ರಿಯಾಜನ ಸಹಿ ಹಾಕಿಸಿಕೊಂಡರು. ಅವರು ಹೊರಟ ಮೇಲೆ ಬಗ್ಗಿ ನೋಡಿದರೆ ಟ್ಯಾಂಕಿನ ಕೆಳಗೆ ನೀರು ತೊಟ್ಟಿಕ್ಕುವ ಚೀಲ. ಅವ್ವನನ್ನು ಕೇಳಿದೆ. ಆಕೆ ತಲೆ ತಗ್ಗಿಸಲೂ ಇಲ್ಲ.

“ಹೊರಗಿನ ಮಂದಿ ಮುಂದ ನಮ್ಮ ಗಾಡಿ ಮಾನ ಹೋಗಬಾರದಲ್ಲ ಮಗಳ?”

ಮಾನ್ಯರೇ, ತಾವು ತಯಾರಿಸಿದ ವಸ್ತುವಿನ ಮಾನ ಕಾಯಲು ನಮ್ಮ ವಾಡಾದ ಒಬ್ಬ ಹೆಂಗಸು ಸುಳ್ಳು ಸಾಕ್ಷಿ ಸೃಷ್ಟಿಸಿದ್ದಾಳೆ. ತಮ್ಮ ಇಡೀ ಕಂಪನಿಯಲ್ಲಿ ಅದರ ಮಾನದ ಬಗ್ಗೆ ಯೋಚಿಸುವವರು ಇನ್ನೊಬ್ಬರಿದ್ದರೆ ದಯವಿಟ್ಟು ಪರಿಚಯಿಸಿ.

ಅಂದೇ ಮಧ್ಯಾಹ್ನ ಎರಡು ಗಂಟೆಗೆ ಬಸ್ಸಿನ ಕಂಡಕ್ಟರ್ ಇಳಿದು ಸುದ್ದಿ ಮುಟ್ಟಿಸಿದ: ಏರಿನಲ್ಲಿ ಒಬ್ಬ ಸಾಹೇಬರು ಕೋಟು ಬಿಚ್ಚಿ ಕಲ್ಲಿನ ಮೇಲೆ ಕೂತಿದ್ದಾರೆ. ಅವರಿಗೂ ತಾವು ಕೊಟ್ಟಿದ್ದು ಗಿರಿರಾಜನೇ ಅಲ್ಲವೇ, ಅದೂ ಅದೇ ತಿಂಗಳ ಕೂಸು. ಅವರ ಫೋನಿಗೆ ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ರಿಯಾಜ ನಮ್ಮ ಗಾಡಿಯಲ್ಲಿ ಅವ್ವನನ್ನೂ ಒಂದು ಕೊಡ ನೀರನ್ನೂ ತಗೊಂಡು ಹೋದ, ನಾನೂ ಹತ್ತಿದೆ. ಅವ್ವ ನಮ್ಮ ಚೀಲ ಬಿಚ್ಚಿ, ನೆನೆಸಿ, ಅವರ ಟ್ಯಾಂಕಿಗೆ ಕಟ್ಟಿದಳು. ಕಾಲು ಗಂಟೆಯಲ್ಲಿ ಗಾಡಿ ಚಾಲೂ ಆಯಿತು. ಆ ಸಜ್ಜನರು ಕೈಮುಗಿದು, ಇದನ್ನು ಎಲ್ಲೂ ಬರೆಯಬೇಡಿ, ತನ್ನ ನೌಕರಿಯ ಪ್ರಶ್ನೆ ಎಂದು ಅವ್ವನಲ್ಲಿ ಬೇಡಿಕೊಂಡರು.

“ನನಗ ಬರಿಯಾಕ ಬರೂದಿಲ್ಲರೀ ಸಾಹೇಬರ,” ಅಂದಳು ಅವ್ವ. “ನನ್ನ ಮಗಳಿಗೆ ಬರತೈತಿ.”

ಅವರ ಹೆಸರನ್ನು ನಾನು ಬರೆಯುತ್ತಿಲ್ಲ, ನೌಕರಿಯ ಮೇಲೆ ಬದುಕುವ ಮನುಷ್ಯ. ನನ್ನ ಜಗಳ ತಮ್ಮ ಜೊತೆ.

ಈಗ ಬೇಸಿಗೆಯ ಬಿಸಿಲು ಏರಿದೆ, ಯಾವ ಚೀಲ ಕಟ್ಟಿದರೂ ಅರ್ಧ ದಾರಿಗೇ ಒಣಗುತ್ತದೆ. ಆದ್ದರಿಂದ ತಮ್ಮ ಔದಾರ್ಯದಲ್ಲಿ ಕೆಲವು ಬಿನ್ನಹಗಳು. ಪ್ರತಿ ಗಿರಿರಾಜನ ನೆತ್ತಿಯ ಮೇಲೂ ಕಂಪನಿಯ ಖರ್ಚಿನಲ್ಲಿ ಒಂದು ಮೋಡ ಹಾರಿಸಬೇಕು, ಹೇಗೂ ಮೇಘವಾಹನರು ತಾವು. ಅದು ಕಷ್ಟವಾದರೆ ಜೋಯಿಡಾದಿಂದ ಹಳಿಯಾಳದವರೆಗಿನ ಗುಡ್ಡಗಳನ್ನೆಲ್ಲ ತಮ್ಮ ಶೆಡ್ಡಿನ ನೆಲದಷ್ಟು ಸಮ ಮಾಡಿಸಿಕೊಡಬೇಕು. ಅದೂ ಆಗದಿದ್ದರೆ ಡಯಾಲಿಸಿಸ್ ಯಂತ್ರವನ್ನೇ ಗಾಡಿಯೊಳಗೆ ಕೂರಿಸಿಕೊಡಿ, ನಿಂತಲ್ಲಿಯೇ ಚಾಚಿಗೆ ಚಿಕಿತ್ಸೆ ಆಗಲಿ. ಇವೆಲ್ಲ ಅಸಾಧ್ಯವೆನಿಸಿದರೆ ಅಂಗೈಯಗಲದ ಒಂದು ಪಂಪ್ ಬದಲಿಸುವುದು ತುಸು ಸುಲಭ. ನಮ್ಮದೊಂದಲ್ಲ, ಒಂಬತ್ತೂ. ಹದಿನೇಳನೆಯ ಸುತ್ತೋಲೆಯನ್ನು ತಮ್ಮ ಎಲ್ಲ ಶೋರೂಮುಗಳ ಬಾಗಿಲಿಗೆ ಅಂಟಿಸುವುದು ಅದಕ್ಕಿಂತಲೂ ಸುಲಭ, ಅಂಟು ನಾವೇ ತರುತ್ತೇವೆ.

ತಮ್ಮ ನಿಯಮದ ಮೇಲೆ ನಮಗೆ ಅಪಾರ ಗೌರವವಿದೆ. ದೋಷವನ್ನು ತಮ್ಮ ಆವರಣದಲ್ಲೇ ತೋರಿಸಬೇಕು ಎಂದಿದ್ದೀರಿ, ತೋರಿಸುತ್ತೇವೆ. ಬರುವ ಮಂಗಳವಾರ ಚಾಚಿಗೆ ಡಯಾಲಿಸಿಸ್ ಇಲ್ಲ. ಅಂದು ನಡುಮಧ್ಯಾಹ್ನ ಒಂಬತ್ತು ಗಿರಿರಾಜರು ಎಂಟೆಂಟು ಮಂದಿಯನ್ನು ಹೊತ್ತು, ಚೀಲವಿಲ್ಲದೆ, ಹುಬ್ಬಳ್ಳಿಯ ತಮ್ಮ ಸರ್ವಿಸ್ ಸೆಂಟರಿಗೆ ದಯಮಾಡಿಸುತ್ತಾರೆ. ತಮ್ಮ ಗೇಟಿನ ಮುಂದಿನ ಇಳಿಜಾರನ್ನು ಬಿಸಿಲಿನಲ್ಲಿ ಹತ್ತಿಳಿಯುತ್ತಲೇ ಇರುತ್ತಾರೆ. ಎಲ್ಲಿ ನಿಲ್ಲುತ್ತಾರೋ ಅಲ್ಲಿಯೇ ನಿಲ್ಲುತ್ತಾರೆ, ಗೇಟಿನೊಳಗೆ ಅರ್ಧ, ಹೊರಗೆ ಅರ್ಧ ನಿಂತರೂ ನಮ್ಮನ್ನು ದೂರಬಾರದು, ತಯಾರಿಸಿದವರು ತಾವು. ತಳ್ಳಲು ನಾವು ಯಾರೂ ಇಳಿಯುವುದಿಲ್ಲ. ಡಮಾಮಿಯೂ ಬರುತ್ತದೆ. ಅದರ ಕಂಪನದಿಂದ ಏನೇನು ನಿಲ್ಲುತ್ತದೆ ಎಂಬ ತಮ್ಮ ಸಂಶೋಧನೆಯನ್ನು ಅಲ್ಲಿಯೇ ಪೂರ್ತಿಗೊಳಿಸೋಣ.

ತಮ್ಮ ಪಂಪಿಗಿಂತ ಹೆಚ್ಚು ನಂಬಬಹುದಾದ, ತಮ್ಮ ವಿಶ್ವಾಸಿ,
ಡಯಾನಾ ಸಂತಾನ ಸಿದ್ದಿ
ಕಾರ್ಯದರ್ಶಿ, ಮಹಿಳಾ ಸಂಘ, ಬೆಳ್ಳಂಬಿವಾಡಾ

ತಾ.ಕ.: ತಮ್ಮ ಪರಿವೀಕ್ಷಕರ ಗಾಡಿಗೆ ಮರುವಾರವೇ ಹೊಸ ಪಂಪ್ ಬಿತ್ತೆಂದು ತಿಳಿದು ಸಂತೋಷವಾಯಿತು. ಹಾಗಾದರೆ ಅದರ ಟ್ಯಾಂಕಿಗೆ ಕಟ್ಟಿದ್ದ ಗೋಣಿಚೀಲ ಈಗ ಅವರಿಗೆ ಬೇಕಾಗಿರಲಿಕ್ಕಿಲ್ಲ. ಅದು ಅವ್ವನದು, ಗುರುವಾರದೊಳಗೆ ವಾಪಸು ಕಳಿಸಿಕೊಡಿ, ಚಾಚಿ ಆಸ್ಪತ್ರೆಗೆ ಹೋಗಬೇಕು.